402ರಿಂದ 178 ಹೋದರೆ

ನಾಲ್ಕನೇ ಕ್ಲಾಸಿನ ಗಣಿತ ಪೀರಿಯಡ್ ಮುಗಿಯಲು ಐದು ನಿಮಿಷ ಇರುವಾಗ ತುಂಡು ಹಾಳೆ ಹಂಚುತ್ತೇನೆ. ಒಂದೇ ಲೆಕ್ಕ: 402ರಿಂದ 178 ಕಳೆಯಿರಿ. ಮಾರ್ಕು ಇಲ್ಲ. ಆಮೇಲೆ ಚಾ ಕುಡಿಯುತ್ತಾ ಹಾಳೆಗಳನ್ನು ಗುಡ್ಡೆ ಮಾಡುತ್ತೇನೆ. ಸರಿ, ತಪ್ಪು ಅಂತ ಅಲ್ಲ, ಒಂದೇ ಉತ್ತರ ಬರೆದವರದ್ದು ಒಂದು ಗುಡ್ಡೆ.

224 ಬರೆದವರನ್ನು ಬಿಡಿ. 376 ಬರೆದ ಮಗು ಮೇಲೆ ಕೆಳಗೆ ನೋಡದೆ, ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ. 324 ಬರೆದ ಮಗುವಿಗೆ ಸಾಲ ತರುವುದು ಗೊತ್ತು. ನಡುವಿನ ಸೊನ್ನೆಯನ್ನು ಸುಮ್ನೆ 9 ಮಾಡಿ, ನೂರರ ಸ್ಥಾನದಿಂದ ಒಂದು ತೆಗೆಯುವುದನ್ನು ಬಿಟ್ಟಿದೆ. ಇಬ್ಬರಿಗೂ 'ಇನ್ನೂ ಹತ್ತು ಲೆಕ್ಕ ಮಾಡು' ಅಂದರೆ ತಪ್ಪೇ ಗಟ್ಟಿಯಾಗುತ್ತದೆ, ಅಲ್ವಾ? ಮೊದಲ ಮಗುವಿಗೆ ಹಿಡಿಸೂಡಿ ಕಡ್ಡಿಯ ಕಟ್ಟುಗಳಿಂದ ಶುರು ಮಾಡಬೇಕು. ಎರಡನೆಯದಕ್ಕೆ ನೂರರ ಒಂದು ಕಟ್ಟು ಬಿಚ್ಚಿಸಿದರೆ ಸಾಕು. ಇಂಥ ಎಷ್ಟೋ ತಪ್ಪುಗಳು ಅಜಾಗ್ರತೆಯಲ್ಲ, ತಪ್ಪು ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದು ಎಂದು ಬ್ರೌನ್ ಮತ್ತು ಬರ್ಟನ್ ಎಂಬ ಸಂಶೋಧಕರು 1978ರಲ್ಲೇ ತೋರಿಸಿದ್ದರು.

ಮರುವಾರ ಅದನ್ನೇ ಮಾತಿನಲ್ಲಿ ಕೊಟ್ಟೆ. 'ಐತಪ್ಪನ ಹತ್ತಿರ 402 ಅಡಿಕೆ. ಅದು ಅಬ್ದುಲ್ಲನದ್ದಕ್ಕಿಂತ 178 ಹೆಚ್ಚು. ಅಬ್ದುಲ್ಲನ ಹತ್ತಿರ ಎಷ್ಟು?' 580ರ ಗುಡ್ಡೆ ಬೆಳೆಯಿತು. ಕಳೆಯಲು ಚೆನ್ನಾಗಿ ಬರುವವರೂ ಅದರಲ್ಲಿದ್ದರು. 'ಹೆಚ್ಚು' ಕಂಡ ಕೂಡಲೇ ಕೂಡಿಸುವ ಚಾಳಿ ಎಲ್ಲ ಊರಲ್ಲೂ ಉಂಟು. ನಮ್ಮ ಕಾಸರಗೋಡಿನಲ್ಲಿ ಮನೆಯಲ್ಲಿ ಮಲಯಾಳವೋ ತುಳುವೋ, ಕ್ಲಾಸಿನಲ್ಲಿ ಕನ್ನಡ. ಮಲಯಾಳದಲ್ಲಿ 'ಹೆಚ್ಚು' ಅಂದರೆ 'ಕೂಡುತಲ್'. ಓಹೋ, ಇದೇ ಕಾರಣ ಅಂದುಕೊಂಡೆ!

ಪ್ರಶ್ನೆಯನ್ನು ಮನೆಮಾತಿನಲ್ಲಿ ಹೇಳಿ, ಯಾರ ಹತ್ತಿರ ಜಾಸ್ತಿ ಅಂತ ಕೇಳಿದೆ. ಹೇಳುತ್ತಿದ್ದ ಹಾಗೆಯೇ ಹಲವರು ತಾವೇ ತಿದ್ದಿಕೊಂಡರು. ಆದರೆ ತುಳು ಮಕ್ಕಳ ಹಾಳೆಯಲ್ಲೂ 580 ಇತ್ತು. ನನ್ನ ಜಾಣ ಊಹೆ ಅರ್ಧ ಬಿದ್ದುಹೋಯಿತು. ಈಗ ಲೆಕ್ಕಕ್ಕೆ ಮೊದಲು ಎಲ್ಲರೂ ಇಬ್ಬರಿಗೂ ಒಂದೊಂದು ಪಟ್ಟಿ ಎಳೆದು, ಯಾವುದು ಉದ್ದ ಅಂತ ತೋರಿಸಬೇಕು.

ಮಾರ್ಕು ಯಾಕಿಲ್ಲ ಅಂತ ಅಮ್ಮಂದಿರು ಕೇಳುತ್ತಾರೆ. ಇಸ್ರೇಲಿನ ಮಕ್ಕಳ ಮೇಲೆ ರೂತ್ ಬಟ್ಲರ್ ನಡೆಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬರೀ ಟಿಪ್ಪಣಿ ಸಿಕ್ಕವರು ಸುಧಾರಿಸಿದರು. ಪಕ್ಕದಲ್ಲಿ ಮಾರ್ಕೂ ಇದ್ದಾಗ ಆ ಲಾಭ ಕಾಣಲಿಲ್ಲ. ಮಗು ಮೊದಲು ನೋಡುವುದು ಮಾರ್ಕನ್ನೇ ಇರಬೇಕು.

ಎರಡು ವಾರ ಬಿಟ್ಟು, ಹೇಳದೆ ಕೇಳದೆ, 503ರಿಂದ 267 ಕೊಡುತ್ತೇನೆ. ಅಲ್ಲೂ 364 ಬಂದರೆ ಕಡ್ಡಿಕಟ್ಟಿನ ಪಾಠವನ್ನು ನಾನೇ ಮತ್ತೆ ಮಾಡಬೇಕು.