ಹಳೇ ಲೇತ್‌ಗೆ ಹೊಸ ಬೇರಿಂಗ್: ನಂಬರ್ ಒಂದೇ ಆದರೆ ಸಾಲದು

ಹರಿಹರದ ಮೈಸೂರು ಕಿರ್ಲೋಸ್ಕರ್ ಶುರುವಾಗಿದ್ದು 1941ರಲ್ಲಿ. ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಬಂದಿದ್ದು 1953ರಲ್ಲಿ, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ. ಈ ಎರಡು ಕಡೆ ತಯಾರಾದ ಲೇತ್‌ಗಳು, ಅಂದರೆ ಲೋಹವನ್ನು ತಿರುಗಿಸಿ ಕಡೆಯುವ ಯಂತ್ರಗಳು, ನಮ್ಮ ವರ್ಕ್‌ಶಾಪ್‌ಗಳಲ್ಲಿ ಇವತ್ತಿಗೂ ದುಡಿಯುತ್ತಿವೆ. ಎರಕದ ಬೆಡ್ (ಯಂತ್ರದ ತಳಭಾಗ) ಗಟ್ಟಿ, ಗೇರ್‌ಗಳೂ ಗಟ್ಟಿ. ಸ್ಪಿಂಡಲ್ (ತಿರುಗುವ ಮುಖ್ಯ ಶಾಫ್ಟ್) ಬೇರಿಂಗ್ ಸವೆದಿದೆ ಅನ್ನೋ ಒಂದೇ ಕಾರಣಕ್ಕೆ ಇಂಥ ಯಂತ್ರವನ್ನು ಗುಜರಿಗೆ ಹಾಕುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಸರಿಯಾದ ಬೇರಿಂಗ್ ಸಿಕ್ಕರೆ ಅದು ಮತ್ತೆ ವರ್ಷಾನುಗಟ್ಟಲೆ ಓಡುತ್ತದೆ.

ಆದರೆ ಅಂಗಡಿಗೆ ಓಡುವ ಮೊದಲು ಬೇರಿಂಗ್ ನಿಜವಾಗಿಯೂ ಹೋಗಿದೆಯಾ ಅಂತ ನೋಡಬೇಕು. ಮ್ಯಾಗ್ನೆಟಿಕ್ ಸ್ಟ್ಯಾಂಡನ್ನು ಬೆಡ್ ಮೇಲೆ ಕೂರಿಸಿ, ಡಯಲ್ ಗೇಜಿನ (ಸಣ್ಣ ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಸಾಧನ) ತುದಿಯನ್ನು ಸ್ಪಿಂಡಲ್ ಮೂತಿಗೆ ತಾಗಿಸಿ. ಸ್ಪಿಂಡಲ್ ತೂತಿಗೆ ಒಂದು ಮರದ ದಾಂಡು ತೂರಿಸಿ ಮೆಲ್ಲಗೆ ಮೇಲಕ್ಕೆ ಮೀಟಿ. ಮುಳ್ಳು ಎಷ್ಟು ಓಡಿತು, ಕೈ ಬಿಟ್ಟಾಗ ಮೊದಲಿನ ಜಾಗಕ್ಕೆ ಬಂತಾ? ಬರದಿದ್ದರೆ ಒಳಗೆ ಆಟ, ಅಂದರೆ ಸಡಿಲ, ಇದೆ ಅಂತ ಅರ್ಥ. ಆಮೇಲೆ ಕೈಯಲ್ಲೇ ನಿಧಾನವಾಗಿ ತಿರುಗಿಸಿ. ಗರಗರ ಅನ್ನದೆ ನುಣ್ಣಗೆ ತಿರುಗಿದರೆ ಬೇರಿಂಗ್ ಚೆನ್ನಾಗಿಯೇ ಇರಬಹುದು, ಬೇರಿಂಗನ್ನು ಬಿಗಿ ಮಾಡುವ ಹಿಂದಿನ ನಟ್ ಸಡಿಲ ಆಗಿರಬಹುದು. ಎಷ್ಟೋ ಲೇತ್‌ಗಳ ಕಾಯಿಲೆ ಆ ನಟ್ ಸ್ವಲ್ಪ ಬಿಗಿ ಮಾಡಿದರೆ ವಾಸಿಯಾಗುತ್ತದೆ.

ಬೇರಿಂಗೇ ಹೋಗಿದೆ ಅಂತಾದರೆ ಹೆಡ್‌ಸ್ಟಾಕ್ (ಸ್ಪಿಂಡಲ್ ಕೂತಿರುವ ಪೆಟ್ಟಿಗೆ) ಬಿಚ್ಚಿ, ರಿಂಗ್ ಒರೆಸಿ, ನಂಬರ್ ಓದಬೇಕು. 6205 ಅಂತಿದ್ದರೆ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿ: ಒಳವ್ಯಾಸ 25 ಮಿ.ಮೀ. ಲೇತ್ ಸ್ಪಿಂಡಲ್‌ಗಳಲ್ಲಿ ಬಳಸುವ ಎನ್‌ಎನ್3020ಕೆ ಅನ್ನುವ ಎರಡು ಸಾಲಿನ ರೋಲರ್ ಬೇರಿಂಗ್‌ಗೂ ಇದೇ ಲೆಕ್ಕ, 20ಕ್ಕೆ 100 ಮಿ.ಮೀ. ಇಷ್ಟು ಬರೆದುಕೊಂಡು ಬೆಂಗಳೂರಿನ ಎಸ್‌ಜೆಪಿ ರಸ್ತೆಗೆ ಹೋಗಿ ‘ಸೇಮ್ ನಂಬರ್ ಕೊಡಿ’ ಅಂದರೆ ಎಡವಟ್ಟಾಗುವುದು ಅಲ್ಲೇ. ಆ ನಂಬರ್ ಅಳತೆಯನ್ನಷ್ಟೇ ಹೇಳುತ್ತದೆ. ನಿಖರತೆ ಎಷ್ಟು ಅನ್ನುವುದು ಅದರ ಕೊನೆಯಲ್ಲಿ ಬರುವ ಅಕ್ಷರಗಳಲ್ಲಿದೆ: ಪಿ6, ಪಿ5, ಪಿ4, ಪಿ2. ಏನೂ ಬರೆದಿಲ್ಲ ಅಂದರೆ ಅದು ಸಾಮಾನ್ಯ ದರ್ಜೆ. 100 ಮಿ.ಮೀ. ಒಳವ್ಯಾಸದ ಸಾಮಾನ್ಯ ದರ್ಜೆಯ ಬೇರಿಂಗಿನ ಒಳರಿಂಗ್ ತಿರುಗುವಾಗ 25 ಮೈಕ್ರಾನ್‌ವರೆಗೆ (ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲಿ ಒಂದು ಭಾಗ) ಓಲಾಡಬಹುದು ಅಂತ ಅಂತರರಾಷ್ಟ್ರೀಯ ಮಾನದಂಡ ಒಪ್ಪುತ್ತದೆ. ಪಿ5ರಲ್ಲಿ ಇದೇ 6 ಮೈಕ್ರಾನ್, ಪಿ4ರಲ್ಲಿ 5. ಮೋಟಾರಿಗೆ, ಪಂಪಿಗೆ 25 ಮೈಕ್ರಾನ್ ಲೆಕ್ಕಕ್ಕೇ ಇಲ್ಲ. ಲೇತ್‌ಗೆ ಇದೆ.

ಹೇಗೆ ಅಂತ ನೋಡಿದರೆ ವಿಷಯ ಸ್ವಾರಸ್ಯವಾಗಿದೆ. ಲೇತ್‌ನಲ್ಲಿ ಕತ್ತರಿಸುವ ಟೂಲ್ ನಿಂತಿರುತ್ತದೆ, ಜಾಬ್ (ಕಡೆಯುತ್ತಿರುವ ಲೋಹದ ತುಂಡು) ತಿರುಗುತ್ತದೆ. ಹಾಗಾಗಿ ಒಳರಿಂಗಿನ ಕೇಂದ್ರ ಸ್ವಲ್ಪ ಆಚೀಚೆ ಇದ್ದರೂ ಜಾಬ್ ದುಂಡಗೇ ಬರುತ್ತದೆ! ಯಾವ ಅಕ್ಷದ ಸುತ್ತ ತಿರುಗುತ್ತಿದೆಯೋ ಅದರ ಸುತ್ತಲೇ ದುಂಡಾಗುತ್ತದೆ. ತೊಂದರೆ ಗೊತ್ತಾಗುವುದು ಜಾಬ್ ಬಿಚ್ಚಿ, ತಿರುಗಿಸಿ ಹಿಡಿದಾಗ. ರೋಲರ್ ಓಡುವ ದಾರಿಯೇ ಅಂಡಾಕಾರ ಆಗಿದ್ದರೆ ಕಥೆ ಬೇರೆ, ಆಗ ಜಾಬ್ ಕೂಡ ಅಂಡಾಕಾರ. ಇನ್ನು ಒಂದು ರೋಲರ್ ಉಳಿದವಕ್ಕಿಂತ ಒಂಚೂರು ದಪ್ಪ ಇದೆ ಅನ್ನಿ. ರೋಲರ್‌ಗಳನ್ನು ಹಿಡಿದಿರುವ ಕೇಜ್ ಸ್ಪಿಂಡಲ್‌ನ ಅರ್ಧಕ್ಕಿಂತ ತುಸು ಕಡಿಮೆ ವೇಗದಲ್ಲಿ ಸುತ್ತುತ್ತದೆ. ಹಾಗಾಗಿ ಆ ದಪ್ಪ ರೋಲರ್ ಪ್ರತಿ ಸುತ್ತಿನಲ್ಲೂ ಬೇರೆ ಜಾಗದಲ್ಲಿ ಸ್ಪಿಂಡಲನ್ನು ತಳ್ಳುತ್ತದೆ. ಟೂಲ್ ಎಷ್ಟೇ ಚೂಪಿದ್ದರೂ ಜಾಬಿನ ಮೈಮೇಲೆ ಅಲೆ ಅಲೆಯಾಗಿ ಗುರುತು ಬೀಳುತ್ತದೆ.

ಪಿ5, ಪಿ4 ಬೇರಿಂಗ್ ದುಬಾರಿ, ಎಲ್ಲ ಅಂಗಡಿಯಲ್ಲೂ ಇಟ್ಟಿರುವುದಿಲ್ಲ. ಆರ್ಡರ್ ಕೊಟ್ಟು ಕಾಯಬೇಕು. ದುಡ್ಡು ಸಾಲದಿದ್ದರೆ ಎಲ್ಲಿ ಹಾಕಬೇಕು ಅನ್ನುವುದಕ್ಕೆ ಒಂದು ಸುಲಭ ಲೆಕ್ಕ ಇದೆ. ಮುಂದಿನ ಮತ್ತು ಹಿಂದಿನ ಬೇರಿಂಗ್ ನಡುವೆ 400 ಮಿ.ಮೀ. ಇದೆ, ಮುಂದಿನ ಬೇರಿಂಗಿನಿಂದ ಜಾಬ್ 100 ಮಿ.ಮೀ. ಆಚೆ ಇದೆ ಅಂದುಕೊಳ್ಳಿ. ಮುಂದಿನ ಬೇರಿಂಗ್ 10 ಮೈಕ್ರಾನ್ ಅಲುಗಿದರೆ ಜಾಬ್ ಹತ್ತಿರ ಅದು 12.5 ಆಗುತ್ತದೆ. ಹಿಂದಿನದು ಅಷ್ಟೇ ಅಲುಗಿದರೆ ಬರೀ 2.5. ಅಂದಮೇಲೆ ಒಳ್ಳೆಯ ಬೇರಿಂಗ್ ಮುಂದೆ ಇರಲಿ, ಹಿಂದೆ ಒಂದು ದರ್ಜೆ ಕಡಿಮೆಯದು ನಡೆಯುತ್ತದೆ. ಬರೀ ಪಂಪ್ ಶಾಫ್ಟ್ ರಿಪೇರಿ, ಬುಷ್ ಕೆಲಸ ಮಾಡುವ ಲೇತ್‌ಗೆ ಪಿ4 ಬೇಕಾಗಿಲ್ಲ, ಪಿ5 ಧಾರಾಳವಾಯಿತು ಅಂತ ನನ್ನ ಅಭಿಪ್ರಾಯ.

ಟೇಪರ್ ರೋಲರ್ ಬೇರಿಂಗ್ (ಒಂದು ತುದಿಗೆ ಸಣ್ಣಗಾಗುವ ರೋಲರ್‌ಗಳದ್ದು) ಇದ್ದರೆ ಇನ್ನೊಂದು ಎಚ್ಚರ ಬೇಕು. ಅದರಲ್ಲಿ ಕೋನ್‌ಗೆ (ಒಳರಿಂಗ್) ಬೇರೆ ನಂಬರ್, ಕಪ್‌ಗೆ (ಹೊರರಿಂಗ್) ಬೇರೆ ನಂಬರ್, ಎರಡನ್ನೂ ಬರೆದುಕೊಳ್ಳಿ. ಇಂಗ್ಲೆಂಡಿನ ಕೋಲ್ಚೆಸ್ಟರ್ ಲೇತ್‌ಗಳಲ್ಲಿ ಸಿಗುವ ಗ್ಯಾಮೆಟ್ ಬೇರಿಂಗ್‌ನಂಥವು ಜೋಡಿಯಾಗಿಯೇ ತಯಾರಾದವು. ಒಂದರ ಕಪ್ಪನ್ನು ಇನ್ನೊಂದರ ಕೋನ್ ಜೊತೆ ಸೇರಿಸಿದರೆ ಆ ನಿಖರತೆ ಹೋಯಿತು. ಡ್ಯೂಪ್ಲಿಕೇಟ್ ಮಾಲಿನ ಕಾಟವೂ ಇದೆ. ಡಬ್ಬಿ, ಅಚ್ಚು ಎಲ್ಲ ಅಸಲಿಯಂತೆಯೇ ಕಾಣುತ್ತದೆ. ಕಂಪನಿಯ ಅಧಿಕೃತ ಡೀಲರ್ ಹತ್ತಿರವೇ, ಬಿಲ್ ಸಮೇತ ತಗೊಳ್ಳುವುದು ಒಳ್ಳೆಯದು. ದರ ತೀರಾ ಕಡಿಮೆ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಇನ್ನು ಕೂರಿಸುವುದು. ನಿಖರ ಬೇರಿಂಗಿನ ಒಳರಿಂಗ್ ಮೇಲೆ ಎತ್ತರದ ಬಿಂದು ಎಲ್ಲಿದೆ ಅಂತ ಸಾಮಾನ್ಯವಾಗಿ ಗುರುತು ಇರುತ್ತದೆ. ಸ್ಪಿಂಡಲ್‌ನ ಎತ್ತರದ ಜಾಗವನ್ನು ಡಯಲ್ ಗೇಜಿನಲ್ಲಿ ಹುಡುಕಿ, ಎರಡನ್ನೂ ಎದುರುಬದುರು ಇಟ್ಟರೆ ಒಂದರ ತಪ್ಪು ಇನ್ನೊಂದರ ತಪ್ಪನ್ನು ಬಹುಪಾಲು ಕಳೆದುಬಿಡುತ್ತದೆ. ಮೊದಲು ಹೇಳಿದ ಎನ್‌ಎನ್3020ಕೆಯಂಥ ಬೇರಿಂಗಿನ ಒಳಭಾಗ 12ಕ್ಕೆ 1ರಂತೆ ಇಳಿಜಾರು. ರಿಂಗನ್ನು 0.12 ಮಿ.ಮೀ. ಮುಂದೆ ತಳ್ಳಿದರೆ ಅದರ ವ್ಯಾಸ ಸುಮಾರು 10 ಮೈಕ್ರಾನ್ ಹಿಗ್ಗುತ್ತದೆ. ಆಟವನ್ನು ತೆಗೆಯುವುದು ಹೀಗೆ, ಸುಮ್ನೆ ಸ್ಪ್ಯಾನರ್ ಹಾಕಿ ಬಲ ಬಿಟ್ಟು ಅಲ್ಲ.

ಜಾಸ್ತಿ ಬಿಗಿಯಾದರೆ ಏನಾಗುತ್ತದೆ? ಉಕ್ಕು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. 100 ಮಿ.ಮೀ. ಸ್ಪಿಂಡಲ್ ಹೊರಗಿನ ಹೆಡ್‌ಸ್ಟಾಕಿಗಿಂತ 10 ಡಿಗ್ರಿ ಹೆಚ್ಚು ಬಿಸಿಯಾದರೆ 12 ಮೈಕ್ರಾನ್ ಬಿಗಿ ತಾನಾಗಿಯೇ ಸೇರಿಕೊಳ್ಳುತ್ತದೆ. ಬಿಗಿಯಾದಷ್ಟೂ ಬಿಸಿ, ಬಿಸಿಯಾದಷ್ಟೂ ಬಿಗಿ. ಅದಕ್ಕೇ ಹೊಸ ಬೇರಿಂಗ್ ಹಾಕಿದ ದಿನ ಲೇತನ್ನು ಕಡಿಮೆ ವೇಗದಲ್ಲಿ ಖಾಲಿ ಓಡಿಸಿ, ಹೆಡ್‌ಸ್ಟಾಕ್ ಮುಟ್ಟಿ ನೋಡುತ್ತಾ ಒಂದೊಂದೇ ಹಂತ ಏರಿಸಬೇಕು. ಶಾಖ ಒಂದು ಮಟ್ಟದಲ್ಲಿ ನಿಲ್ಲದೆ ಏರುತ್ತಲೇ ಹೋದರೆ ನಿಲ್ಲಿಸಿ, ತಣ್ಣಗಾಗಲು ಬಿಟ್ಟು, ನಟ್ ಒಂಚೂರು ಸಡಿಲಿಸಿ ಮತ್ತೆ ಮೊದಲಿನಿಂದ ಓಡಿಸಿ.