ತೊಡೆ ರಿಪೇರಿ ಮಾಡುವವರು ಬೆನ್ನಿನಿಂದ ಬಂದವರು

ಹುಬ್ಬಳ್ಳಿಯ ಗರಡಿ ಮನೆಗೆ ಹೋದ ಮೊದಲ ದಿನವೇ ಹುರುಪಿನಲ್ಲಿ ನೂರು ಬೈಠಕ್ ಹೊಡೆದುಬಿಟ್ಟೆ. ಮರುದಿನ ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಯಿತು. ಉಸ್ತಾದರು ತೊಡೆ ಒತ್ತಿ ನೋಡಿದರು. "ಏನಾಗಂಗಿಲ್ಲ ತಮ್ಮಾ, ನಾಕು ದಿನದಾಗ ತಾನ ಬಿಡ್ತದ. ನಾಳೆ ಬರೂದು ಮಾತ್ರ ತಪ್ಪಿಸಬ್ಯಾಡ" ಅಂದರು. ಐದನೇ ದಿನ ತೊಡೆ ಹಗುರಾಗಿತ್ತು.

ಆದರೆ ಆ 'ತಾನ' ಅನ್ನುವ ಮಾತು ನನ್ನನ್ನು ಬಿಡಲಿಲ್ಲ. ತೊಡೆಯ ಸ್ನಾಯುವಿನಲ್ಲಿ ಹರಿದದ್ದನ್ನು ಯಾರಾದರೂ ಕೂಡಿಸಲೇಬೇಕು, ಅಲ್ವಾ?

ಸ್ನಾಯುವಿನ ಒಂದೊಂದು ಎಳೆಯೂ ಅನೇಕ ಕೋಶಗಳು ಒಂದಕ್ಕೊಂದು ಬೆಸೆದು ಆದದ್ದು. ಒಮ್ಮೆ ಬೆಸೆದ ಮೇಲೆ ಆ ಕೋಶಗಳು ಒಡೆದು ಎರಡಾಗುವುದಿಲ್ಲ. ಹಾಗಾಗಿ ಎಳೆ ಹರಿದರೆ ಹೊಸ ಕೋಶ ಬೇರೆ ಕಡೆಯಿಂದಲೇ ಬರಬೇಕು. 1961ರಲ್ಲಿ ಅಲೆಕ್ಸಾಂಡರ್ ಮೌರೊ ಎಂಬ ವಿಜ್ಞಾನಿ ಕಪ್ಪೆಯ ಕಾಲಿನ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಎಳೆಗೂ ಅದರ ಮೇಲಿನ ತೆಳು ಹೊದಿಕೆಗೂ ನಡುವೆ ಪುಟ್ಟ ಕೋಶಗಳು ಅವಚಿಕೊಂಡು ಕೂತಿದ್ದವು. ಅವರು ಅವಕ್ಕೆ ಸ್ಯಾಟಲೈಟ್ ಕೋಶ ಅಂತ ಹೆಸರಿಟ್ಟರು. ಇವೇ ಸ್ನಾಯುವಿನ ಆಕರಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು. ಸುಮ್ನೆ ಮಲಗಿರುತ್ತವೆ. ಎಳೆಗೆ ಪೆಟ್ಟಾದರೆ ಏಳುತ್ತವೆ, ಒಂದು ಎರಡಾಗಿ, ಎರಡು ನಾಲ್ಕಾಗಿ ಎಳೆಯೊಳಗೆ ಸೇರಿ ಅದನ್ನು ಕಟ್ಟುತ್ತವೆ. ಕೆಲವು ಮಾತ್ರ ಸೇರದೆ ವಾಪಸ್ ಹೊದಿಕೆಯಡಿ ಮಲಗುತ್ತವೆ. ಬಿತ್ತಲು ಇಟ್ಟ ಜೋಳಕ್ಕೆ ಎಂಥಾ ಕಷ್ಟದಲ್ಲೂ ಕೈ ಹಚ್ಚದ ನಮ್ಮ ಕಡೆಯ ಒಕ್ಕಲು ಮಂದಿಯ ಹಾಗೆ.

ಹಾಗಾದರೆ ಈ ಬೀಜ ತೆಗೆದಿಟ್ಟದ್ದು ಯಾವಾಗ? ಯಾವ ಹೊಲದಿಂದ?

ಹಾವೇರಿ ಹತ್ತಿರದ ಹಳ್ಳಿಯಲ್ಲಿ ನಮ್ಮ ಅತ್ತೆ ಕೋಳಿಯನ್ನು ಕಾವಿಗೆ ಕೂಡಿಸಿದ್ದಳು. ನಾಲ್ಕನೇ ರಾತ್ರಿ ಒಂದು ಮೊಟ್ಟೆ ಎತ್ತಿ ಮೊಬೈಲ್ ಟಾರ್ಚ್ ಹಿಡಿದೆವು. ಚಿಪ್ಪಿನೊಳಗೆ ಕೆಂಪು ನೂಲು ಜೇಡನ ಕಾಲಿನಂತೆ ಹರಡಿತ್ತು. ನಡುವೆ ಒಂದು ಚುಕ್ಕೆ ಮಿಡಿಯುತ್ತಿತ್ತು. "ಜೀವ ಬಂದದ, ಲಗೂನ ಇಡು, ತಣ್ಣಗಾಗ್ತದ" ಅಂದಳು ಅತ್ತೆ.

ಬರಿಗಣ್ಣಿಗೆ ಕಾಣದ್ದು ಇನ್ನೊಂದಿದೆ. ಆ ಭ್ರೂಣದ ಬೆನ್ನಿನ ಉದ್ದಕ್ಕೂ, ಮುಂದೆ ಬೆನ್ನುಹುರಿಯಾಗುವ ಕೊಳವೆಯ ಎಡಬಲದಲ್ಲಿ, ಪುಟ್ಟ ಗಂಟುಗಳು ಜೋಡಿ ಜೋಡಿಯಾಗಿ ಮಣಿಸರದಂತೆ ಕೂತಿರುತ್ತವೆ. ಇವು ಸೋಮೈಟ್‌ಗಳು. ಕೋಳಿಯಲ್ಲಿ ಸುಮಾರು 90 ನಿಮಿಷಕ್ಕೆ ಒಂದು ಜೋಡಿ ಮೂಡುತ್ತದೆ. ತಾಯಿ ಹೊಟ್ಟೆಯಲ್ಲಿ ನಮಗೂ ಹೀಗೇ ಮೂಡಿದ್ದವು. ನಮ್ಮ ಕೈಕಾಲಿನ ಸ್ನಾಯುಗಳ ಬೇರು ಇಲ್ಲಿದೆ. ಕಾಲು ಇನ್ನೂ ಬರೀ ಮೊಗ್ಗಾಗಿದ್ದಾಗಲೇ ಸೋಮೈಟ್ ಬಿಟ್ಟು ಹೊರಟ ಕೋಶಗಳು ಅದರೊಳಗೆ ನಡೆದು ಹೋಗುತ್ತವೆ. ಪ್ಯಾಕ್ಸ್3 ಎಂಬ ಜೀನ್ ಇಲ್ಲದ ಇಲಿಯ ಭ್ರೂಣದಲ್ಲಿ ಈ ಪಯಣವೇ ನಡೆಯುವುದಿಲ್ಲ. ಅದರ ಕಾಲಿನಲ್ಲಿ ಸ್ನಾಯುವೇ ಇರುವುದಿಲ್ಲ.

ಇದನ್ನು ಪತ್ತೆ ಮಾಡಿದ ರೀತಿ ನನಗೆ ತುಂಬಾ ಇಷ್ಟ. ಲಾವಕ್ಕಿಯ ಕೋಶದ ನ್ಯೂಕ್ಲಿಯಸ್‌ನಲ್ಲಿ ಒಂದು ಕಪ್ಪು ಗಂಟು ಕಾಣುತ್ತದೆ, ಕೋಳಿಯದರಲ್ಲಿ ಹಾಗಿಲ್ಲ. ಫ್ರಾನ್ಸಿನ ವಿಜ್ಞಾನಿ ನಿಕೋಲ್ ಲ ದುಆರಾಂ ಈ ವ್ಯತ್ಯಾಸವನ್ನೇ ಗುರುತಾಗಿ ಬಳಸಿದರು. ಲಾವಕ್ಕಿ ಭ್ರೂಣದ ಸೋಮೈಟ್ ತೆಗೆದು ಕೋಳಿ ಭ್ರೂಣದಲ್ಲಿ ನೆಟ್ಟರೆ, ಆ ಕೋಶಗಳು ಎಲ್ಲೆಲ್ಲಿ ಹೋದವು ಅಂತ ಆಮೇಲೆ ಕಪ್ಪು ಗುರುತು ನೋಡಿ ಹೇಳಬಹುದು. 1983ರಲ್ಲಿ ಇದೇ ಉಪಾಯದಿಂದ ಬೇರೆ ವಿಜ್ಞಾನಿಗಳು ಸ್ಯಾಟಲೈಟ್ ಕೋಶಗಳೂ ಸೋಮೈಟ್‌ನವೇ ಎಂದು ತೋರಿಸಿದರು. ನಡುವೆ ಕೆಲವರು ರಕ್ತನಾಳದ ಕಡೆ ಬೆರಳು ತೋರಿಸಿದ್ದುಂಟು. 2005ರಲ್ಲಿ ಕೋಳಿಯಲ್ಲೂ ಇಲಿಯಲ್ಲೂ ನಡೆದ ಕೆಲಸ ಜಾಗವನ್ನು ಇನ್ನೂ ಸ್ಪಷ್ಟ ಮಾಡಿತು. ಸೋಮೈಟಿನ ಮೇಲ್ಪದರದ ನಟ್ಟನಡುವಿನಿಂದ ಒಂದಷ್ಟು ಕೋಶ ಕೆಳಗಿಳಿಯುತ್ತವೆ. ಕೆಲವು ಎಳೆಯಾಗುತ್ತವೆ. ಕೆಲವು ಆಗದೆ ಉಳಿದು, ಹುಟ್ಟು ಹತ್ತಿರ ಬಂದಾಗ ಹೊದಿಕೆಯಡಿ ಸೇರಿಕೊಳ್ಳುತ್ತವೆ.

ಅಂದರೆ ನನ್ನ ತೊಡೆ ಕಟ್ಟಿದ ಕೋಶಗಳ ಹಿರಿಯರು, ನನಗೆ ತೊಡೆಯೇ ಇಲ್ಲದಾಗ ಬೆನ್ನಿನ ಪಕ್ಕದಲ್ಲಿ ಇದ್ದರು.

ತಲೆಯ ಕತೆ ಬೇರೆ. ಅದರ ಹೆಚ್ಚಿನ ಭಾಗದಲ್ಲಿ ಸೋಮೈಟ್ ಇಲ್ಲ. ಕಣ್ಣು ತಿರುಗಿಸುವ, ದವಡೆ ಆಡಿಸುವ ಸ್ನಾಯುಗಳೂ ಅವುಗಳ ಆಕರಕೋಶಗಳೂ ತಲೆಯ ಭಾಗದ ಬೇರೆ ಅಂಗಾಂಶದಿಂದ ಬರುತ್ತವೆ, ಪ್ಯಾಕ್ಸ್3ರ ಹಂಗಿಲ್ಲದೆ. ಡುಶೆನ್ ಎಂಬ ಸ್ನಾಯುರೋಗವಿದೆ. ಹೆಚ್ಚಾಗಿ ಗಂಡುಮಕ್ಕಳಿಗೆ ಬರುತ್ತದೆ. ಎಳೆಗಳು ಮತ್ತೆ ಮತ್ತೆ ಹರಿಯುತ್ತವೆ, ರಿಪೇರಿ ಸೋಲುತ್ತದೆ, ಹುಡುಗ ನಡಿಗೆ ಕಳೆದುಕೊಳ್ಳುತ್ತಾನೆ. ಆದರೆ ಕಣ್ಣಿನ ಸ್ನಾಯುಗಳನ್ನು ಈ ರೋಗ ಮುಟ್ಟುವುದು ಕಡಿಮೆ. ಗಾಲಿಕುರ್ಚಿಯಲ್ಲಿ ಕೂತ ಹುಡುಗನ ಕಣ್ಣು ಅಂಗಳದಲ್ಲಿ ಓಡುವ ಗೆಳೆಯರ ಹಿಂದೆ ಸಲೀಸಾಗಿ ಓಡುತ್ತದೆ. ಆ ಕಣ್ಣಿನ ಸ್ನಾಯುವಿನ ಕೋಶಗಳನ್ನು ವಿಜ್ಞಾನಿಗಳು ಇಷ್ಟು ಆಸೆಯಿಂದ ಓದುತ್ತಿರುವುದು ಅದಕ್ಕೇ.

ಇಪ್ಪತ್ತೊಂದನೇ ದಿನ ಅತ್ತೆ ಫೋನ್ ಮಾಡಿದಳು, ಹೋದೆ. ಆ ಮೊಟ್ಟೆಗೆ ಅಷ್ಟೊತ್ತಿಗೆ ಸಣ್ಣ ತೂತು ಬಿದ್ದಿತ್ತು. ಮರಿಯ ಕತ್ತಿನ ಹಿಂದೆ ಚಿಪ್ಪು ಒಡೆಯುವುದಕ್ಕೆಂದೇ ಉಬ್ಬುವ ಒಂದು ದಪ್ಪ ಸ್ನಾಯು ಇರುತ್ತದೆ, ಹೊರಬಂದ ಮೇಲೆ ಇಳಿದುಹೋಗುತ್ತದೆ. ಅದನ್ನು ಸೆಟೆಸಿ ಮರಿ ಒಮ್ಮೆ ಕುಟ್ಟುತ್ತಿತ್ತು, ತುಸು ಹೊತ್ತು ಸುಮ್ಮನಿರುತ್ತಿತ್ತು, ಮತ್ತೆ ಕುಟ್ಟುತ್ತಿತ್ತು. ಅತ್ತೆ ನನ್ನನ್ನು ಕೈ ಹಚ್ಚಗೊಡಲಿಲ್ಲ.