ಸಪ್ಲೈಯರ್ ಸಣ್ಣವನೋ ದೊಡ್ಡವನೋ: ಪರ್ಚೇಸ್ ಆರ್ಡರಿನ ಹಿಂದಿನ ಲೆಕ್ಕ

ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಕೈಗಾರಿಕಾ ಶೆಡ್‌ಗಳ ಮಾಲೀಕರು ಕೂತಲ್ಲಿ ಇತ್ತೀಚೆಗೆ ಏಳುವ ಪ್ರಶ್ನೆಯೊಂದಿದೆ: ಅತಿ ಸಣ್ಣ, ಸಣ್ಣ, ಮಧ್ಯಮ ಉದ್ಯಮವೆಂದು ಕೇಂದ್ರ ಸರ್ಕಾರ ಗುರುತಿಸುವ ಉದ್ಯಮ್ ನೋಂದಣಿ ಇದ್ದರೆ ಒಳ್ಳೆಯದೋ, ಇಲ್ಲದಿದ್ದರೆ ಒಳ್ಳೆಯದೋ? ಸರ್ಕಾರಿ ಟೆಂಡರಿನ ಸವಲತ್ತಿಗೆ ಅದು ಬೇಕೇ ಬೇಕು. ಖಾಸಗಿ ಕಂಪನಿಗಳ ಪರ್ಚೇಸ್ ವಿಭಾಗದಲ್ಲಿ ಮಾತ್ರ ಅದೇ ಸರ್ಟಿಫಿಕೇಟ್ ನೋಡಿ ಹಿಂದೆ ಸರಿಯುವವರಿದ್ದಾರೆ. ಸಣ್ಣವರ ರಕ್ಷಣೆಗೆಂದು ಬಂದ ಕಾಗದ ಅವರಿಗೇ ತೊಡಕಾದ ಕಥೆ ಒಂದೆರಡು ವರ್ಷದ್ದಲ್ಲ.

ಬ್ರಿಟಿಷರ ಕಾಲದ ರೈಲ್ವೆ ವರ್ಕ್‌ಶಾಪು, ಆಮೇಲೆ ಕಿರ್ಲೋಸ್ಕರ್, ವಿದ್ಯುತ್ ಉಪಕರಣ ತಯಾರಿಸುತ್ತಿದ್ದ ಸರ್ಕಾರಿ ಕಾರ್ಖಾನೆ ಎನ್‌ಜಿಇಎಫ್: ಹುಬ್ಬಳ್ಳಿಯಲ್ಲಿ ಫಿಟ್ಟರ್, ಟರ್ನರ್‌ಗಳ ಕೈ ಪಳಗಿದ್ದು ಇಂಥ ದೊಡ್ಡ ಕಾರ್ಖಾನೆಗಳ ಆಸುಪಾಸಿನಲ್ಲಿ. 1967ರಿಂದ ಕೆಲವು ವಸ್ತುಗಳ ತಯಾರಿಕೆಯನ್ನು ಸಣ್ಣ ಉದ್ಯಮಕ್ಕೇ ಮೀಸಲಿಟ್ಟಿದ್ದ ಕೇಂದ್ರ ಸರ್ಕಾರ, ಉದಾರೀಕರಣದ ನಂತರ ಆ ಪಟ್ಟಿಯನ್ನು ಕತ್ತರಿಸುತ್ತ ಬಂದು 2015ರಲ್ಲಿ ಉಳಿದಿದ್ದ 20 ವಸ್ತುಗಳನ್ನೂ ಕೈಬಿಟ್ಟಿತು. ಇಷ್ಟರಲ್ಲಿ ಧಾರವಾಡಕ್ಕೆ ಬಸ್ ಕಾರ್ಖಾನೆ ಬಂದಿತ್ತು. ದೇಶದ ವಾಹನ ಉದ್ಯಮದ ಖರೀದಿ ರೀತಿಯೂ ಬದಲಾಗಿತ್ತು. ನೂರಾರು ಸಣ್ಣವರಿಂದ ಬಿಡಿಭಾಗ ಕೊಳ್ಳುವ ಬದಲು, ಕೆಲವೇ ದೊಡ್ಡ ಸಪ್ಲೈಯರ್‌ಗಳಿಂದ ಜೋಡಿಸಿದ ಸೆಟ್ ತರಿಸುವುದು. ಸಣ್ಣವರು ಆ ಸಪ್ಲೈಯರ್‌ಗೆ ಸಪ್ಲೈಯರ್ ಆದರು.

ಕೊಳ್ಳುವವರ ಲೆಕ್ಕದಲ್ಲಿ ಹುರುಳಿಲ್ಲದಿಲ್ಲ. ಒಂದು ಬ್ರಾಕೆಟ್ ತಡವಾದರೂ ಇಡೀ ಲೈನ್ ನಿಲ್ಲುತ್ತದೆ. ಇಪ್ಪತ್ತು ಜನರ ಆಡಿಟ್ ಮಾಡುವುದಕ್ಕೂ ಇನ್ನೂರು ಜನರದ್ದು ಮಾಡುವುದಕ್ಕೂ ಖರ್ಚು ಬೇರೆ. ಒಂದೇ ಗಿರಾಕಿಯನ್ನು ನಂಬಿಕೊಂಡ ಶೆಡ್ ಮುಳುಗಿದರೆ ಅಚ್ಚು, ಡೈಗಳೂ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಹಾಗಾಗಿ ವೆಂಡರ್ ಫಾರ್ಮ್ ಮೂರು ವರ್ಷದ ಬ್ಯಾಲೆನ್ಸ್ ಶೀಟ್, ಐಎಸ್‌ಒ ಸರ್ಟಿಫಿಕೇಟ್, ಮಷಿನ್‌ಗಳ ಪಟ್ಟಿ ಕೇಳುತ್ತದೆ. ಲೇಥ್ ಮುಂದೆ ನಿಂತವನ ಕೈಚಳಕ ತುಂಬಲು ಅದರಲ್ಲಿ ಕಾಲಂ ಇಲ್ಲ.

ಆದರೆ ಸಣ್ಣವನು ಸಣ್ಣವನಾಗಿಯೇ ಉಳಿಯುವುದು ಯಾಕೆ ಎಂಬುದು ಗೊತ್ತಾಗಬೇಕಾದರೆ ಒಂದೇ ಒಂದು ಬಿಲ್ಲಿನ ಹಾದಿ ನೋಡಿದರೆ ಸಾಕು. ಏಪ್ರಿಲ್ ಮೊದಲ ವಾರ 1 ಲಕ್ಷ ರೂಪಾಯಿಯ ಪಿನ್ನು, ಬುಶ್ ಕಳಿಸಿದನೆನ್ನಿ. ಸ್ಟೀಲ್ ಅಂಗಡಿಯವನಿಗೆ ರೊಕ್ಕ ಆಗಲೇ ಕೊಟ್ಟಾಗಿದೆ, ಇಲ್ಲವೇ ತಿಂಗಳ ಉದ್ರಿ. ಹುಡುಗರ ಪಗಾರ ತಿಂಗಳಿಗೆ ಸರಿಯಾಗಿ ಕೊಡಬೇಕು. ಬಿಲ್ಲಿನ ಮೇಲೆ 18,000 ರೂಪಾಯಿ ಜಿಎಸ್‌ಟಿ. ಸ್ಟೀಲಿಗೆ ಕಟ್ಟಿದ್ದನ್ನು ಕಳೆದು ಉಳಿದದ್ದನ್ನು ಮೇ ತಿಂಗಳಲ್ಲೇ ಸರ್ಕಾರಕ್ಕೆ ತುಂಬಬೇಕು. ಕಂಪನಿಯ ಕರಾರು 90 ದಿನದ್ದಾದರೆ ಅವನ ಕೈಗೆ ದುಡ್ಡು ಬರುವುದು ಜುಲೈನಲ್ಲಿ. ನಡುವಿನ ಅಂತರ ತುಂಬುವುದು ಬ್ಯಾಂಕಿನ ಓವರ್‌ಡ್ರಾಫ್ಟ್, ಅದೂ ಸಾಲದಿದ್ದರೆ ಕೈಸಾಲ. ಬಡ್ಡಿಗೆ ಹೋದ ಆ ಹಣವೇ ಕಂಪ್ಯೂಟರ್ ನಡೆಸುವ ಹೊಸ ಸಿಎನ್‌ಸಿ ಮಷಿನ್‌ಗೆ ಮುಂಗಡ ಆಗಬೇಕಿತ್ತು. ಮಷಿನ್ ಇಲ್ಲವೆಂದು ಮುಂದಿನ ಆರ್ಡರ್ ತಪ್ಪುತ್ತದೆ.

ಇದಕ್ಕೆ ಕಾನೂನು ಇಲ್ಲವೆಂದಲ್ಲ. 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ಅತಿ ಸಣ್ಣ ಮತ್ತು ಸಣ್ಣವರಿಗೆ ಹಣ ಕೊಡಲು ಲಿಖಿತ ಕರಾರಿದ್ದರೂ 45 ದಿನ ಮೀರುವಂತಿಲ್ಲ, ಕರಾರೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅಂದಮೇಲೆ ಮೇಲೆ ಹೇಳಿದ 90 ದಿನದ ಕರಾರು ನಿಲ್ಲುವಂಥದ್ದೇ ಅಲ್ಲ. ದೂರು ಕೊಡಲು 2017ರಲ್ಲಿ ಸಮಾಧಾನ್ ಪೋರ್ಟಲ್ ಕೂಡ ಬಂತು. ಆದರೆ ಇರುವ ಒಬ್ಬ ಗಿರಾಕಿಯ ಮೇಲೆ ದೂರು ಕೊಟ್ಟು ನಾಳೆ ಯಾರ ಬಾಗಿಲಿಗೆ ಹೋಗುವುದು? ಹಕ್ಕು ಕಾಗದದಲ್ಲಿತ್ತು, ಚಲಾಯಿಸುವ ಧೈರ್ಯ ಆರ್ಡರಿನ ಕೈಯಲ್ಲಿತ್ತು.

ಆದ್ದರಿಂದ 2023ರ ಹಣಕಾಸು ಕಾಯ್ದೆ ಬೇರೆ ದಾರಿ ಹಿಡಿಯಿತು. ಆದಾಯ ತೆರಿಗೆಯ 43ಬಿ ಕಲಮಿಗೆ ಹೊಸ ಉಪಕಲಮು ಸೇರಿತು: ಅತಿ ಸಣ್ಣ ಮತ್ತು ಸಣ್ಣ ಉದ್ಯಮಕ್ಕೆ ಈ ಗಡುವಿನೊಳಗೆ ಹಣ ಕೊಡದಿದ್ದರೆ, ನಿಜವಾಗಿ ಕೊಟ್ಟ ವರ್ಷದಲ್ಲಷ್ಟೇ ಅದನ್ನು ಖರ್ಚೆಂದು ತೋರಿಸಬಹುದು. ಸಣ್ಣವರು ಬಾಯಿ ಬಿಡಬೇಕಾಗಿಯೇ ಇಲ್ಲ, ಆಡಿಟರ್ ಕೇಳುತ್ತಾನೆ. ಯೋಚನೆ ಸರಿಯಾಗಿತ್ತು. ಆದರೆ ಮಧ್ಯಮ ಗಾತ್ರದವರನ್ನು ಇದರಿಂದ ಹೊರಗಿಟ್ಟರು. ಹಣಕಾಸು ವರ್ಷ ಮುಗಿಯುವ 2024ರ ಮಾರ್ಚ್ ಹತ್ತಿರವಾದಂತೆ ದೇಶದ ಜವಳಿ ಮಾರುಕಟ್ಟೆಗಳಿಂದ ಆರ್ಡರ್ ರದ್ದಾದ ಸುದ್ದಿ ಬರತೊಡಗಿತು. ಮಧ್ಯಮ ಗಾತ್ರದವನೋ ಉದ್ಯಮ್ ನೋಂದಣಿ ಇಲ್ಲದವನೋ ಆಗಿ ನಿಯಮಕ್ಕೆ ಒಳಪಡದ ಸಪ್ಲೈಯರ್‌ನಿಂದ ಕೊಂಡರೆ ಉದ್ರಿಯೂ ಉಳಿಯಿತು, ತೆರಿಗೆಯ ತಲೆಬೇನೆಯೂ ತಪ್ಪಿತು ಎಂಬ ಲೆಕ್ಕ ಪರ್ಚೇಸ್ ವಿಭಾಗಗಳಿಗೆ ಹೊಳೆಯಲು ತಡವಾಗಲಿಲ್ಲ. ಬೆಲೆ, ಗುಣಮಟ್ಟಗಳ ಜೊತೆಗೆ ಸಪ್ಲೈಯರ್‌ನ ವರ್ಗವೂ ತೂಕಕ್ಕೆ ಬಂತು.

ಸರ್ಕಾರಿ ಖರೀದಿಯಲ್ಲಿ ಗಾತ್ರ ಸಣ್ಣದಿದ್ದರೆ ಲಾಭ. 2012ರ ಆದೇಶದಂತೆ ಕೇಂದ್ರದ ಇಲಾಖೆಗಳು, ಸಾರ್ವಜನಿಕ ಉದ್ದಿಮೆಗಳು ಶೇ 20ರಷ್ಟನ್ನು ಅತಿ ಸಣ್ಣ ಮತ್ತು ಸಣ್ಣವರಿಂದ ಕೊಳ್ಳಬೇಕಿತ್ತು; 2018ರಲ್ಲಿ ಅದು ಶೇ 25 ಆಯಿತು. ರೈಲ್ವೆಗೂ ಇದು ಅನ್ವಯ. ಆದರೆ 2025ರ ಏಪ್ರಿಲ್‌ನಿಂದ ‘ಸಣ್ಣ’ ಎಂಬುದರ ಮಿತಿಯೇ ವಹಿವಾಟಿನಲ್ಲಿ 50 ಕೋಟಿಯಿಂದ 100 ಕೋಟಿಗೆ ಏರಿದೆ. ನಿನ್ನೆಯ ತನಕ ಮಧ್ಯಮವಾಗಿದ್ದ ಎಷ್ಟೋ ಉದ್ಯಮಗಳಿಗೆ ಈಗ 45 ದಿನದ ರಕ್ಷಣೆ ಸಿಕ್ಕಿದೆ, ಒಳ್ಳೆಯದೇ. ಆದರೆ ಅದೇ ಶೇ 25ರೊಳಗೆ, 90 ಕೋಟಿ ವಹಿವಾಟಿನ ಕಾರ್ಖಾನೆಯೂ ತಾರಿಹಾಳದ ನಾಲ್ಕು ಲೇಥಿನ ಶೆಡ್ಡೂ ಈಗ ಒಂದೇ ಸಾಲಿನಲ್ಲಿ ನಿಂತು ರೇಟು ಬರೆಯಬೇಕಾಗಿದೆ.